ಕೆಂಪು ಪಟ್ಟಿಯ ಜಾಡಿ

ಮಂದಿಯ ಯೋಗ್ಯತಾ ತಿಳೀಬೇಕಂದ್ರ ಅವರು ತೊಳೀಲಿಕ್ಕೆ ಬಿಟ್ಟ ಗಾಜು ನೋಡಬೇಕು, ಮಾರಿ ನೋಡಿದ್ರ ಏನೂ ತಿಳಿಯೂದಿಲ್ಲ ಅಂತಿದ್ಲು ಲಕ್ಷ್ಮವ್ವ. ನಾಗಪುರದ ಆ ಕ್ಯಾನ್ಸರ್ ಸಂಶೋಧನೆಯ ಕಟ್ಟಡದಾಗ ಒಂಬತ್ತು ವರ್ಷದಿಂದ ಬಾಟ್ಲಿ ತೊಳಿಯೂ ಕೆಲಸ ಆಕಿದು. ಯಾವ ಸಾಹೇಬ ಅಳತಿ ಪಾತ್ರ್ಯಾಗ ಚಹಾ ಕುಡದಾನ, ಯಾರು ಒಡದ ಗಾಜನ್ನ ಉಳಿದದ್ದರ ಕೆಳಗ ಮುಚ್ಚಿಟ್ಟು ಸುಮ್ಮನ ಹೋಗ್ಯಾರ, ಯಾರು ಮೂರು ದಿನ ಒಣಗಿಸಿ ಕಲ್ಲು ಮಾಡಿ ಕೊಟ್ಟು 'ಜಲ್ದಿ, ಜಲ್ದಿ' ಅಂತ ತಲಿ ತಿಂತಾರ, ಎಲ್ಲಾ ಆಕಿಗೆ ಗೊತ್ತಿತ್ತು. ಓದಿದ ಮಂದಿ ಅಂದ್ರ ಆಕಿಗೆ ಅಷ್ಟಕ್ಕಷ್ಟ. ಮೂರು ಮೂರು ಡಿಗ್ರಿ ತಗೊಂಡಾರ, ಉಂಡ ತಾಟು ಎತ್ತಿಡೂದು ಗೊತ್ತಿಲ್ಲ ಅಂತಿದ್ಲು.

ಆಕಿ ಕೆಲಸಕ್ಕ ಮಾತ್ರ ಯಾರೂ ಬಟ್ಟು ಮಾಡಿ ತೋರಸೂ ಹಂಗ ಇರಲಿಲ್ಲ. ಮೊದಲ ಸಾಬಾಣ, ಆಮ್ಯಾಲ ನಳದ ನೀರಿನ್ಯಾಗ ಹತ್ತು ಸರತಿ, ಆಮ್ಯಾಲ ಭಟ್ಟಿ ಇಳಿಸಿದ ನೀರಿನ್ಯಾಗ ಐದು ಸರತಿ. ಕಡೀಕ ಬಾಟ್ಲಿಯನ್ನ ಕಿಡಕಿಯ ಬಿಸಲಿಗೆ ಹಿಡದು ನೋಡಾಕಿ. ನೀರು ಹನಿ ಹನಿಯಾಗಿ ನಿಂತ್ರ ಒಳಗ ಜಿಡ್ಡು ಉಳದೈತಿ ಅಂತ ಲೆಕ್ಕ. ಒಂದ ಸಮನ ಇಳದು ಹೋದ್ರ ಬರೋಬರ್. ಜಿಡ್ಡು ಕಂಡ ಬಾಟ್ಲಿಯನ್ನ ಮತ್ತ ಮೊದಲಿನಿಂದ ತೊಳಿತಿದ್ಲು.

ಎಲ್ಲಾಕಿಂತ ಕಿರಿಕಿರಿ ಅಂದ್ರ ಪಿಪೆಟ್ಟು. ಮೊಳದುದ್ದದ ಸಪೂರ ಗಾಜಿನ ನಳಿಗಿ ಅದು. ಸಾಹೇಬ್ರು ಅದರ ಒಂದು ತುದಿಯನ್ನ ಬಾಯಾಗ ಇಟಗೊಂಡು, ಔಷಧದ ನೀರನ್ನ ಮ್ಯಾಲ ಎಳದು, ಬಟ್ಟಿನಿಂದ ಮುಚ್ಚಿ, ಎಷ್ಟು ಬೇಕೋ ಅಷ್ಟ ಬಾಟ್ಲಿಗೆ ಬಿಡ್ತಿದ್ರು. ಉಗುಳು ಕೆಳಗ ಇಳೀಬಾರದು ಅಂತ ಬಾಯಿಯ ಕಡಿ ತುದ್ಯಾಗ ಹತ್ತಿಯ ಸಣ್ಣ ಬಿರಡಿ ತುರುಕಿರತಿದ್ರು. ತೊಳಿಯೂಕಿಂತ ಮೊದಲ ಆ ಬಿರಡಿಗಳನ್ನ ಒಂದೊಂದಾಗಿ ಕಿತ್ತು ತಗಿಯೂದು ಲಕ್ಷ್ಮವ್ವನ ಪಾಲಿಗೆ. ಸೈಕಲ್ಲಿನ ಕಡ್ಡಿ ಬಗ್ಗಿಸಿ ಅದಕ್ಕಂತ ಒಂದು ಕೊಕ್ಕಿ ಮಾಡಿ ಇಟಗೊಂಡಿದ್ಲು. ಬಳಸಿದ ಪಿಪೆಟ್ಟು ಹಾಕಾಕ ಒಬ್ಬೊಬ್ಬರಿಗೆ ಒಂದೊಂದು ಉದ್ದನ ಜಾಡಿ, ಜಾಡಿಗೆ ಬಣ್ಣದ ಪಟ್ಟಿ. ಹಸಿರು ಪಟ್ಟಿಯದು ಕಿರಿಯ ಸಂಶೋಧಕಿ ವನಜಾಕ್ಷಿದು. ಕೆಂಪು ಪಟ್ಟಿಯದು ಡಾಕ್ಟರ್ ಉಮಾಪತಿದು.

ಈ ಉಮಾಪತಿಯನ್ನ ಕಂಡ್ರ ಲಕ್ಷ್ಮವ್ವಗ ಮೈಯೆಲ್ಲಾ ಉರೀತಿತ್ತು. ಪ್ರಯೋಗಶಾಲೆಗೆ ಅವನ ಹಿರಿಯ. ನಲವತ್ತೈದರ ಸುಮಾರಿನ ಮನಷ್ಯಾ, ವಿಲಾಯತಿಯೊಳಗ ಆರು ವರ್ಷ ಇದ್ದು ಬಂದಾವ. ಹುಟ್ಟಿದ್ದು ಧಾರವಾಡದಾಗ, ಲಕ್ಷ್ಮವ್ವನ ತವರು ಗದಗು, ನಡುವ ಬಸ್ಸಿನ್ಯಾಗ ಎರಡು ತಾಸಿನ ಹಾದಿ. ಆದ್ರ ಅಂವ ಆಕಿ ಜೋಡಿ ಒಂದು ದಿನಾನೂ ಕನ್ನಡದಾಗ ಮಾತಾಡಲಿಲ್ಲ. 'ಲಕ್ಷ್ಮೀಬಾಯಿ, ಇಧರ್ ಆವೋ' ಅಂತಿದ್ದ. ಹೆಸರಿಗೆ ಸೈತ ಮರಾಠಿ ಸೀರಿ ಉಡಿಸಿಬಿಟ್ಟಿದ್ದ.

ಅವನ ಮಾತು ಕೇಳಬೇಕಾಗಿತ್ತು ನೀವು. ಹಲ್ಲು ಬಿಡೂದಿಲ್ಲ, ದವಡಿ ಅಲುಗಸೂದಿಲ್ಲ, ಎಲ್ಲಾ ಮಾತು ತುಟಿಯ ಸಂದ್ಯಾಗಿಂದ ಸೋಸಿ ಬರಬೇಕು. ವಿಲಾಯತಿ ಮಂದಿ ಬಾಯಿ ತಗೀದ ಮಾತಾಡ್ತಾರಂತ, ಇಂವ ಅದೊಂದನ್ನ ಚಲೋತ್ನಾಗಿ ಕಲತು ಬಂದಾನ ಅಂತ ಲಕ್ಷ್ಮವ್ವ ಜವಾನರ ಮುಂದ ಅಣಗಿಸಿ ತೋರಸ್ತಿದ್ಲು. ಊಟದಾಗೂ ಅದ ಡೌಲು. ಚಪಾತಿಯನ್ನ ಉಗುರಿನಷ್ಟು ಚೂರು ಮಾಡಿ, ಹಾಲಿನ್ಯಾಗ ನೆನಸಿ, ಒಂದೊಂದ ಬಾಯಾಗ ಸೇರಸ್ತಿದ್ದ. ಒಂದ ಸರತಿ ಆಕಿ ತವರಿನಿಂದ ಕೆಂಪು ಮೆಣಸಿನಕಾಯಿಯ ರಂಜಕಾ ತಂದು ಎಲ್ಲಾರಿಗೂ ಹಂಚಿದಾಗ, ಖಾರ ನನಗ ಆಗೂದಿಲ್ಲ ಅಂತ ಹಿಂದಿಯೊಳಗ ಹೇಳಿ ಡಬ್ಬಿಯನ್ನ ಆಚೆ ಸರಿಸಿದ. ಧಾರವಾಡದಾಗ ಹುಟ್ಟಿ ರಂಜಕಾ ಬ್ಯಾಡ ಅನ್ನೂ ಗಂಡಸು. ಅವತ್ತಿನಿಂದ ಆಕಿ ಮನಸ್ಸಿನ್ಯಾಗ ಅಂವ ಗಂಡಸರ ಪಂಕ್ತಿಯಿಂದ ಎದ್ದು ಹೋದ.

ಅದು ಎಂಬತ್ತಾರನೇ ಇಸವಿ. ಹಿಂದಿನ ವರ್ಷ ಅಮೆರಿಕಾದಾಗ ಯಾರೋ ಮನಷ್ಯಾನ ರಕ್ತದಾಗಿನ ಬಿಳಿ ಕಣಗಳನ್ನ ಹೊರಗ ತಗದು, ಬಾಟ್ಲ್ಯಾಗ ಬೆಳಸಿ, ಕ್ಯಾನ್ಸರಿನ ಗಂಟಿನ ಮ್ಯಾಲ ಬಿಟ್ಟಾರ ಅಂತ ಪೇಪರಿನ್ಯಾಗ ಬಂದಿತ್ತು. ಮೈಗೆ ರೋಗ ಬಂದ್ರ ಎದುರ ನಿಂತು ಕಾಯೂವು ಈ ಬಿಳಿ ಕಣ. ಅಂಥಾದ್ದನ್ನ ನಾಗಪುರದಾಗ ನಾನೂ ಬೆಳಸ್ತೀನಿ ಅಂತ ಉಮಾಪತಿ ಹಟಾ ಹಿಡದ. ಡಿಸೆಂಬರಿನ್ಯಾಗ ದಿಲ್ಲಿಯವರು ನೋಡಾಕ ಬರೋರಿದ್ರು. ಅವರ ಮುಂದ ನಲವತ್ತು ದಿನ ಬಾಟ್ಲ್ಯಾಗ ಬದುಕಿದ ಕಣ ಇಟ್ಟು ತೋರಸಬೇಕಾಗಿತ್ತು. ರಕ್ತ ಯಾರದಂದ್ರ ಇವಂದ. ತೋಳು ಚಾಚಿ ವನಜಾಕ್ಷಿ ಕಡಿಂದ ರಕ್ತ ತಗಿಸಿಕೊಂಡು, ನನ್ನ ಕಣದಷ್ಟು ಗಟ್ಟಿ ಕಣ ಈ ಊರಾಗ ಸಿಗೂದಿಲ್ಲ ಅಂತ ನಗತಿದ್ದ. ನಗೂ ಮುಂದೂ ಹಲ್ಲು ಕಾಣತಿರಲಿಲ್ಲ.

ಆ ಕಣ ಒಂದಿದ್ದದ್ದು ಹತ್ತಾಗಬೇಕಂದ್ರ ಅವಕ್ಕೊಂದು ರಸಾ ಹಾಕಬೇಕಂತ. ಅದನ್ನ ಕೆಂಪು ರಾಜ್ಮಾ ಕಾಳು ನೆನಸಿ, ಅರದು, ಸೋಸಿ ತಗೀತಿದ್ರು. ಕಾಳು ತರೂ ಕೆಲಸಾನೂ ಲಕ್ಷ್ಮವ್ವಂದ. ಗಾಂಧಿಬಾಗಿನ ಗದ್ದಲದ ಓಣ್ಯಾಗ, ಚೀಲಗಟ್ಲೆ ಮಾರೂ ಸಾವಕಾರನ ಮುಂದ ನಿಂತು, ಅರ್ಧಾ ಸೇರು ರಾಜ್ಮಾ ಕೊಡಪ್ಪಾ ಅಂತ ಕೇಳಿ ಬೈಸಿಕೊಂಡು ಬರತಿದ್ಲು. ಪಲ್ಯಾ ಮಾಡಿ ಉಣ್ಣೂ ಕಾಳನ್ನ ರಕ್ತಕ್ಕ ಉಣಸ್ತಾರ, ಇದನ್ನ ಕಲಿಯಾಕ ಆರು ವರ್ಷ ವಿಲಾಯತಿ ಬೇಕಾತು ಇವಗ ಅಂತ ಹಾದಿತುಂಬ ಬೈಕೊಂತ ಬರತಿದ್ಲು.

ಬಾಟ್ಲಿಗೆ ಕಣ ಹಾಕೂ ಕೆಲಸ ನಡಿಯೂದು ಮೂಲ್ಯಾಗಿನ ಒಂದು ಸಣ್ಣ ಖೋಲ್ಯಾಗ. ಅಲ್ಲಿ ಗಾಳಿ ಸೈತ ಸೋಸಿ ಬರತಿತ್ತು. ಕೈ ತೊಳಕೊಂಡು, ಬ್ಯಾರೆ ಅಂಗಿ ತೊಟಗೊಂಡು ಹೋಗಬೇಕು, ಒಬ್ಬರು ಒಳಗಿದ್ರ ಇನ್ನೊಬ್ಬರು ಬಾಗಲಾ ತಗೀಬಾರದು ಅಂತ ಕಟ್ಟಪ್ಪಣಿ. ಮಂದಿಗೆಲ್ಲಾ ಅದು ಚೊಕ್ಕ ಖೋಲಿ. ಉಮಾಪತಿಗೆ ಮಾತ್ರ ಅದು ಖರ್ರಾ ತಿನ್ನೂ ಖೋಲಿ.

ಖರ್ರಾ ಅಂದ್ರ ನಾಗಪುರದ ಮಂದಿಯ ಎರಡನೇ ಊಟ. ಅಡಿಕಿ, ತಂಬಾಕು, ಸುಣ್ಣ ಕೂಡಿಸಿ ಪ್ಲಾಸ್ಟಿಕ್ ಹಾಳ್ಯಾಗ ಹಾಕಿ ತಿಕ್ಕಿ ತಿಕ್ಕಿ ಕೊಡ್ತಾರ. ಆಟೋದವರು ತಿಂತಾರ, ಜವಾನರು ತಿಂತಾರ, ಬಚ್ಚಿಟ್ಟು ತಿನ್ನೂ ಚಾಳಿ ಯಾರಿಗೂ ಇಲ್ಲ. ಇವಗ ಮಾತ್ರ ಬಚ್ಚಿಡೂ ಗರಜು ಇತ್ತು. ಯಾಕಂದ್ರ ಪಡಸಾಲಿ ಗ್ವಾಡಿಗೆ 'ತಂಬಾಕು ಬಿಡಿ, ಜೀವ ಉಳಿಸಿಕೊಳ್ಳಿ' ಅಂತ ಹಿಂದಿ, ಮರಾಠಿ, ಇಂಗ್ಲಿಷಿನ್ಯಾಗ ಫಲಕ ಬರಸಿ ಹಾಕಿದಾವ ಅವನ. ಒಂದ ದಿನ ಸೀತಾಬರ್ಡಿಯ ಅರಿವಿ ಅಂಗಡಿಗಳ ಹಿಂದ, ಖರ್ರಾ ಮಾರೂ ಠೇಲಾದ ಮುಂದ ತಲಿ ತಗ್ಗಿಸಿ ನಿಂತು ನಾಕು ಪುಡಿಕಿ ಕಿಸೆದಾಗ ಇಳಿಬಿಡೂದನ್ನ ಲಕ್ಷ್ಮವ್ವ ಬಸ್ಸಿನಿಂದ ಕಂಡಿದ್ಲು. ಕಾಣದಿದ್ರೂ ಆಕಿಗೆ ಗೊತ್ತಾಗತಿತ್ತು. ಕೆಂಪು ಪಟ್ಟಿಯ ಜಾಡಿಯ ಬಿರಡಿಗಳು ದಿನಾ ಕಂದಾಗಿ, ಒದ್ದಿಯಾಗಿ, ತಂಬಾಕಿನ ನಾತ ಹೊಡಕೋತ ಬರತಿದ್ವು. ಆಕಿ ಮೂಗು ಮುರದು ಕೊಕ್ಕಿಯಿಂದ ಕಿತ್ತು ಒಗೀತಿದ್ಲು. ಯಾರಿಗೂ ಹೇಳಲಿಲ್ಲ, ಯಾಕಂದ್ರ ಬಾಟ್ಲಿ ತೊಳಿಯಾಕಿನ್ನ ಯಾರೂ ಏನೂ ಕೇಳೂದಿಲ್ಲ.

ಆಗಸ್ಟಿನ್ಯಾಗ ತ್ರಾಸು ಶುರುವಾತು. ಉಮಾಪತಿಯ ಕಣ ಒಂದು ವಾರ ಹುರುಪಿನಿಂದ ಬೆಳೀತಿದ್ವು, ಎರಡನೇ ವಾರಕ್ಕ ಸೊರಗತಿದ್ವು, ಮೂರನೇ ವಾರಕ್ಕ ತಳಾ ಹಿಡದು ಸಾಯತಿದ್ವು. ಬಾಟ್ಲ್ಯಾಗಿನ ನೀರು ಮಾತ್ರ ತಿಳಿಯಾಗೇ ಇರತಿತ್ತು, ಕೆಟ್ಟದ್ದರ ಗುರುತು ಇಲ್ಲ. ಮತ್ತ ರಕ್ತ ತಗಿಸಿ ಮತ್ತ ಹಾಕಿದ, ಮತ್ತ ಸತ್ವು. ಮೂರನೇ ಸಲ ಸತ್ತಾಗ ಲಕ್ಷ್ಮವ್ವನ್ನ ಕರಸಿದ. ಬಾಟ್ಲ್ಯಾಗ ಸಾಬಾಣ ಉಳೀತೈತಿ, ಅದರಿಂದ ನನ್ನ ಕಣ ಸಾಯ್ತಾವ ಅಂತ ಹಿಂದಿಯೊಳಗ, ಹಲ್ಲಿನ ಸಂದ್ಯಾಗಿಂದ ಹೇಳಿದ.

'ನನ್ನ ಬಾಟ್ಲ್ಯಾಗ ಸಾಬಾಣ?' ಅಂದ್ಲು ಲಕ್ಷ್ಮವ್ವ, ಕನ್ನಡದಾಗ. 'ಬಿಸಲಿಗೆ ಹಿಡದು ನೋಡ್ರಿ ಸಾಹೇಬ್ರ.'

ಅಂವ ನೋಡಲಿಲ್ಲ. ಮರುದಿನದಿಂದ ಆಕಿ ಹತ್ತರ ಬದಲಿ ಇಪ್ಪತ್ತು ಸರತಿ ತೊಳದ್ಲು. ಕೈ ಬಿಳಚಿ ಸುಕ್ಕಾದ್ವು. ಆದ್ರೂ ಕಣ ಸತ್ವು. ಆಗ ಉಮಾಪತಿ ನಿರ್ದೇಶಕರಾದ ಡಾಕ್ಟರ್ ವೇಣುಗೋಪಾಲರಿಗೆ ಕಾಗದ ಬರದ. ತೊಳಿಯೂ ಹೆಂಗಸಿನ ನಿಷ್ಕಾಳಜಿಯಿಂದ ಸಂಶೋಧನೆ ಹಾಳಾಗಾಕ ಹತ್ತೈತಿ, ಈಕಿನ್ನ ತಗದು ಬ್ಯಾರೆಯವರನ್ನ ಹಾಕಬೇಕು. ವಿಚಾರಣೆ ನವೆಂಬರಿನ ಕಡೀ ಶುಕ್ರವಾರ ಅಂತ ಗೊತ್ತಾತು.

ಇಲ್ಲೊಂದು ಮಾತು ತಿಳಕೋಬೇಕು. ಒಂಬತ್ತು ವರ್ಷ ಆಕಿ ದಿನಗೂಲಿ ಆಳು. ಕೆಲಸ ಖಾಯಂ ಮಾಡೂ ಕಾಗದ ಅದ ವೇಣುಗೋಪಾಲರ ಮೇಜಿನ ಮ್ಯಾಲ ಸಹಿಗೆ ಕುಂತಿತ್ತು. ಗಂಡ ರುದ್ರಪ್ಪ ಅಜನಿಯ ರೇಲ್ವೆ ಯಾರ್ಡಿನ್ಯಾಗ ಕೆಲಸಕ್ಕಿದ್ದಾವ, ತೀರಿಕೊಂಡು ಐದು ವರ್ಷ. ಮಕ್ಕಳಿಲ್ಲ. ನಲವತ್ತೆಂಟು ವರ್ಷದ ಹೆಂಗಸು ಈ ಕೆಲಸ ಬಿಟ್ರ ಮಂದಿ ಮನಿ ಮುಸುರಿ ತಿಕ್ಕಬೇಕು. ಅದಕ್ಕೂ ಆಕಿ ಹೆದರತಿರಲಿಲ್ಲ. ಆದ್ರ 'ಲಕ್ಷ್ಮವ್ವನ ಬಾಟ್ಲಿ ಹೊಲಸು' ಅಂತ ಕಾಗದದಾಗ ಬರದದ್ದು ಹಂಗ ಉಳಕೊಳ್ಳೂದು ಆಕಿಗೆ ಬ್ಯಾಡಾಗಿತ್ತು.

ಪ್ರಯೋಗಶಾಲ್ಯಾಗ ಕಣ ಬೆಳಸೂ ಇನ್ನೊಬ್ಬಾಕಿ ವನಜಾಕ್ಷಿ. ಮೈಸೂರಿನ ಕಡಿ ಹುಡುಗಿ, ಇಪ್ಪತ್ತಾರರ ವಯಸ್ಸು, ಉಮಾಪತಿಯ ಕೈಕೆಳಗ ಕೆಲಸ. ಇವಳ ಮ್ಯಾಲೂ ಲಕ್ಷ್ಮವ್ವಗ ಭಾಳ ಗೌರವ ಇರಲಿಲ್ಲ. ಮನ್ಯಾಗ ಮಡಿ ಮೈಲಿಗಿ ಮಾಡೂ ಮಂದಿ. ಇನ್ನೊಬ್ಬರ ಬಾಯಿಗೆ ಹೋದ ಪಿಪೆಟ್ಟು ಎಂಜಲು, ಎಷ್ಟು ತೊಳದ್ರೂ ಎಂಜಲ ಅಂತ ಅದನ್ನ ಬಾಯಾಗ ಇಡಾಕ ಒಲ್ಲಾಕಿ. ಅದರ ತುದಿಗೆ ಒಂದು ರಬ್ಬರಿನ ಬುಡ್ಡಿ ಸಿಗಿಸಿ, ಅದನ್ನ ಹಿಚುಕಿ ನೀರು ಎಳೀತಿದ್ಲು. ಎಷ್ಟು ತೊಳದ್ರೂ ಎಂಜಲಂತ, ನನ್ನ ಕೈಯಾಗಿಂದ ಹೋದ ಮ್ಯಾಲೂ ಎಂಜಲಂತ ಅಂತ ಲಕ್ಷ್ಮವ್ವ ಕುದೀತಿದ್ಲು. ಉಮಾಪತಿನೂ ಆಕಿಗೆ 'ಮಡಿ ಮೇಡಂ' ಅಂತಿದ್ದ.

ವಿಚಾರಣೆಗೆ ಎರಡು ವಾರ ಇದ್ದಾಗ ಲಕ್ಷ್ಮವ್ವ ಈ ಮಡಿ ಮೇಡಂನ ಎದುರಿಗೆ ಹೋಗಿ ನಿಂತ್ಲು.

'ನಿನ್ನ ಬಾಟ್ಲಿ ಯಾರು ತೊಳೀತಾರವಾ?'

'ನೀವೇ ಅಲ್ವಾ.'

'ನಿನ್ನ ಕಣ ಎಷ್ಟು ದಿನದವು?'

'ಮೂವತ್ತೊಂದು.' ಆಕಿ ದನಿ ಸಣ್ಣದಾತು.

'ಅದ ಸಾಬಾಣ, ಅದ ಕೈ. ನಿನ್ನವು ಬದಕ್ತಾವ, ಅವನವು ಸಾಯ್ತಾವ. ಇದನ್ನ ಸಾಹೇಬಗ ಹೇಳಿದಿ ಏನು?'

'ಹೇಳಿದೆ. ಅದು ನನ್ನ ಅದೃಷ್ಟ ಅಂದ್ರು.'

'ಅದೃಷ್ಟ ಅಂದ್ನಾ? ಇವನ ವಿಜ್ಞಾನಕ್ಕ ಬೆಂಕಿ ಹಚ್ಚಲಿ.' ಲಕ್ಷ್ಮವ್ವ ಸ್ಟೂಲು ಎಳಕೊಂಡು ಕುಂತ್ಲು. 'ಖರೇ ಹೇಳು. ಕಣ ಯಾತರಿಂದ ಸಾಯ್ತಾವ?'

ವನಜಾಕ್ಷಿ ಬಾಗಲಾ ನೋಡಿ, ದನಿ ಇಳಿಸಿದ್ಲು. 'ನನಗೆ ಒಂದು ಅನುಮಾನ ಇದೆ. ಮನುಷ್ಯರ ಬಾಯಲ್ಲಿ ಒಂದು ಕ್ರಿಮಿ ಇರತ್ತೆ, ತುಂಬಾ ಸಣ್ಣದು. ಬಾಯಲ್ಲಿದ್ರೆ ನಮಗೇನೂ ಮಾಡಲ್ಲ. ಬಾಟ್ಲಿಗೆ ಬಿದ್ರೆ ಮಾತ್ರ ಕಷ್ಟ. ನಾವು ಹಾಕೋ ಪೆನ್ಸಿಲಿನ್‌ಗೂ ಸಾಯಲ್ಲ, ನೀರನ್ನೂ ಕದಡಲ್ಲ. ಕಣಗಳ ಊಟ ತಾನು ತಿಂದ್ಕೊಂಡು ನಿಧಾನಕ್ಕೆ ಸಾಯಿಸತ್ತೆ.'

'ಬಾಯಾಗಿಂದ ಬಾಟ್ಲಿಗೆ ಹೆಂಗ ಹೋಗತೈತಿ?'

'ಪಿಪೆಟ್ಟಿನ ಹತ್ತಿ ಒದ್ದೆಯಾದ್ರೆ ಹೋಗಬಹುದು. ಆದ್ರೆ ಸರ್ ಅಷ್ಟು ಹುಷಾರು ತಪ್ಪೋರಲ್ಲ. ನಾನು ಹೋಗಿ ಹೆಂಗೆ ಹೇಳಲಿ?'

ಲಕ್ಷ್ಮವ್ವ ಆಕಿ ಮಾರ್ಯಾಗ ಮಾರಿ ಇಟ್ಟು ನೋಡಿದ್ಲು. ಇಷ್ಟು ದಿನ ಯಾವ ಎಂಜಲಿನ ಮಾತಿಗೆ ತಾನು ಕುದ್ದಿದ್ಲೋ, ಆ ಎಂಜಲಿನ ಹೇಸಿಗಿನ ಈ ಹುಡುಗಿಯ ಕಣಗಳನ್ನ ಕಾದಿತ್ತು. ಒಳಗ ಒಂಚೂರು ಕಸಿವಿಸಿ ಆತು. ಆದ್ರ ಕುಂತು ನಾಚಿಕೊಳ್ಳಾಕ ಪುರಸೊತ್ತು ಇರಲಿಲ್ಲ.

ಅವತ್ತಿನಿಂದ ಆಕಿ ಬಿರಡಿಗಳನ್ನ ಒಗೀಲಿಲ್ಲ. ತಾರೀಖು ಬರಿಯಾಕ ಬರತಿರಲಿಲ್ಲ, ಅದಕ್ಕ ಪಡಸಾಲಿಯ ಕ್ಯಾಲೆಂಡರಿನಿಂದ ದಿನಾ ಹರದು ಹಾಕೂ ಹಾಳಿಯನ್ನ ತಗೊಂಡು, ಆ ದಿನದ ಬಿರಡಿಗಳನ್ನ ಅದ ಹಾಳ್ಯಾಗ ಕಟ್ಟಿ, ಒಂದು ಡಾಲ್ಡಾ ಡಬ್ಬ್ಯಾಗ ಹಾಕಿದ್ಲು. ಕೆಂಪು ಜಾಡಿಯದು ಒಂದು ಪುಡಿಕಿ, ಹಸಿರು ಜಾಡಿಯದು ಒಂದು. ಡಬ್ಬಿ ತುಂಬಿಕೊಂತ ಬಂದಂಗ ಆಕಿಗೆ ಹುರುಪು ಬಂತು. ಶುಕ್ರವಾರ ಎಲ್ಲಾರ ಮುಂದ ಇದನ್ನ ಸುರುವಿ, ಆ ವಿಲಾಯತಿ ಮಾರಿಯ ಬಣ್ಣ ಇಳಿಯೂದನ್ನ ಕಣ್ಣಾರೆ ನೋಡಬೇಕು, ಅಂವ ಕೆಳಗ ನೋಡಬೇಕು, ಇಷ್ಟ ಆಕಿಗೆ ಬೇಕಾಗಿದ್ದದ್ದು. ಬಾಟ್ಲಿ ತೊಳಿಯೂ ಮುಂದ ಅವನ ಹಂಗ ಹಲ್ಲು ಕಚ್ಚಿ ಮಾತಾಡಿ ತನ್ನಷ್ಟಕ್ಕ ತಾನ ನಗತಿದ್ಲು.

ಒಂಬತ್ತನೇ ದಿನ ಒಂದು ಬಿರಡಿಯನ್ನ ರೂಢಿ ಮ್ಯಾಲ ಬಿಸಲಿಗೆ ಹಿಡದ್ಲು. ಕಂದಿನ ಅಂಚಿಗೆ ತೆಳ್ಳಗ ಗುಲಾಬಿ ಬಣ್ಣ ಇತ್ತು. ಹಿಂದಿನ ದಿನದ ಪುಡಿಕಿ ಬಿಚ್ಚಿದ್ಲು, ಅದರಾಗೂ ಇತ್ತು. ಅದರ ಹಿಂದಿನದನ್ನ ಬಿಚ್ಚಿದ್ಲು. ಆಮ್ಯಾಲ ಕೈಯಾಗಿನ ಕೊಕ್ಕಿ ಕೆಳಗಿಟ್ಲು.

ರುದ್ರಪ್ಪನ ತಲಿದಿಂಬಿನ ಅರಿವಿ ಆಕಿ ಒಗದಿದ್ಲು. ಅಂವನೂ ಖರ್ರಾ ತಿಂತಿದ್ದ, ರಾತ್ರಿ ದವಡ್ಯಾಗ ಇಟಗೊಂಡ ಮಲಗತಿದ್ದ. ಅರಿವಿ ಮ್ಯಾಲ ಕಂದು ಕಲಿ, ಕಲಿಯ ಅಂಚಿಗೆ ಹಿಂಗ ಗುಲಾಬಿ. ವಸಡಿನ ರಕ್ತ ಅಂತ ಆಕಿ ತಿಕ್ಕಿ ತಿಕ್ಕಿ ತೊಳದ್ಲು. ಎಷ್ಟು ತಿಂಗಳು ತೊಳದ್ಲು, ಒಂದ ದಿನಾನೂ ಅವನ ಬಾಯಿ ತಗಿಸಿ ನೋಡಲಿಲ್ಲ. ಕಡೀಕ ದವಾಖಾನಿಗೆ ಹೋದಾಗ ಬಾಯಿ ಕ್ಯಾನ್ಸರ್ ಅಂದ್ರು.

ಈ ಸಾಹೇಬಗ ಹಲ್ಲು ತಿಕ್ಕೂ ಮುಂದ ರಕ್ತ ಬಂದಿರಬೇಕು, ಬಂದ್ರ ಬರಲಿ, ನನಗೇನು ಅಂತ ತನಗ ತಾನ ಹೇಳಿಕೊಂಡ್ಲು. ನನ್ನ ಅನ್ನಕ್ಕ ಮಣ್ಣು ಹಾಕಾವಗ ನಾ ಯಾಕ ಮರಗಬೇಕು ಅಂದ್ಲು. ಎಷ್ಟು ಅಂದ್ರೂ ಅವತ್ತು ಅಣಗಿಸಾಕ ಮನಸ್ಸು ಬರಲಿಲ್ಲ. ಆ ಸಿಟ್ಟನ್ನೂ ಉಮಾಪತಿಯ ಮ್ಯಾಲ ಹಾಕಿದ್ಲು.

ಶುಕ್ರವಾರ ಬಂತು. ನಿರ್ದೇಶಕರ ಖೋಲ್ಯಾಗ ನಾಕು ಮಂದಿ. ವೇಣುಗೋಪಾಲರು ಬೆಂಗಳೂರಿನವರು, ವಾಯುಸೇನೆಯೊಳಗ ಡಾಕ್ಟರಾಗಿದ್ದು ನಿವೃತ್ತರಾಗಿ ಬಂದವರು. ಮೇಜಿನ ಈಚೆ ಉಮಾಪತಿ, ಮೂಲ್ಯಾಗ ವನಜಾಕ್ಷಿ, ಬಾಗಲ ಹತ್ತರ ಲಕ್ಷ್ಮವ್ವ ಸೆರಗಿನ ಕೆಳಗ ಡಬ್ಬಿ ಹಿಡಕೊಂಡು ನಿಂತಿದ್ಲು. ಎಲ್ಲಾರೂ ಕನ್ನಡದವರ, ಆದ್ರ ಉಮಾಪತಿ ಹತ್ತು ನಿಮಿಷ ಇಂಗ್ಲಿಷಿನ್ಯಾಗ ಮಾತಾಡಿದ. ಸಾಬಾಣ, ಸಾಬಾಣ ಅನ್ನೂದು ಒಂದು ಆಕಿಗೆ ತಿಳೀತು.

'ನೀವೇನಮ್ಮ ಹೇಳ್ತೀರಿ?' ಅಂತ ವೇಣುಗೋಪಾಲರು ಕೇಳಿದ್ರು.

ಲಕ್ಷ್ಮವ್ವ ಡಬ್ಬಿ ಮುಂದ ತಂದು, ಪುಡಿಕಿಗಳನ್ನ ಮೇಜಿನ ಮ್ಯಾಲ ಎರಡು ಸಾಲು ಹಚ್ಚಿದ್ಲು. 'ಇವು ಹಸಿರು ಪಟ್ಟಿಯ ಜಾಡಿಯವು. ಇವು ಕೆಂಪು ಪಟ್ಟಿಯವು. ತಾರೀಖು ಹಾಳಿ ಮ್ಯಾಲ ಐತಿ, ಬಿಚ್ಚಿ ನೋಡ್ರಿ. ಬಾಟ್ಲಿ ತೊಳಿಯಾಕಿ ಹೊಲಸೋ, ಬಾಟ್ಲಿ ತುಂಬಾವ ಹೊಲಸೋ, ನೀವ ಹೇಳ್ರಿ.'

ವೇಣುಗೋಪಾಲರು ಬಿಚ್ಚಿದ್ರು. ಒಂದು ಸಾಲಿನ ಹತ್ತಿ ಬೆಳ್ಳಗ, ಇನ್ನೊಂದು ಸಾಲಿಂದು ಕಂದು. ತಂಬಾಕಿನ ನಾತ ಖೋಲಿ ತುಂಬಿತು. ಅವರು ಕೇಳಿದ್ದಕ್ಕ ವನಜಾಕ್ಷಿ ತಡವರಿಸಿಕೊಂತ ಆ ಕ್ರಿಮಿಯ ಸಂಗತಿ ಹೇಳಿದ್ಲು. ಉಮಾಪತಿಯ ಮಾರಿ ಮೊದಲ ಕೆಂಪಗಾತು, ಆಮ್ಯಾಲ ತಣ್ಣಗಾತು.

'ಇದು ಈಕಿಯ ಎಂಜಲು,' ಅಂದ, ಹಿಂದಿಯೊಳಗ. 'ಇಂಥ ಹೆಂಗಸರು ಎಲ್ಲಾರೂ ತಂಬಾಕು ತಿಂತಾರೆ. ನನ್ನ ಮೇಲೆ ಹಾಕೋಕೆ ತಾನೇ ಅಗಿದು ಹಚ್ಚಿ ತಂದಿದಾಳೆ.'

ವೇಣುಗೋಪಾಲರು ಲಕ್ಷ್ಮವ್ವನ ಕಡಿ ನೋಡಿದ್ರು. ಅವರ ಕಣ್ಣಾಗ ಅನುಮಾನ ಬಂದದ್ದು ಆಕಿಗೆ ಕಂಡಿತು. ಒಬ್ಬ ವಿಲಾಯತಿ ಡಾಕ್ಟರನ ಮಾತು, ಒಬ್ಬ ಬಾಟ್ಲಿ ತೊಳಿಯಾಕಿಯ ಮಾತು. ಎರಡರ ತೂಕ ಯಾಕಡಿ ಜಗ್ಗತೈತಿ ಅಂತ ಆಕಿಗೆ ಗೊತ್ತಿರಲಿಲ್ಲೇನು. ಒಂಬತ್ತು ವರ್ಷದ ಕೆಲಸ ಕೈಯಿಂದ ಜಾರಾಕ ಹತ್ತಿತ್ತು.

'ಹಂಗಾದ್ರ ನನ್ನ ಬಾಯಿ ನೋಡ್ರಿ,' ಅಂದ್ಲು. ಮೇಜಿನ ಹತ್ತರ ಹೋಗಿ, ಬಾಯಿ ಅಗಲ ತಗದು, ಬಿಳಿ ಹಲ್ಲು ತೋರಿಸಿದ್ಲು. ಮೂರು ಬಟ್ಟು ಜೋಡಿಸಿ, ಒಂದರ ಮ್ಯಾಲ ಒಂದು ನಿಲ್ಲೂ ಹಂಗ ಹಲ್ಲಿನ ನಡುವ ಇಟ್ಟು ತಗದ್ಲು. 'ರೇಲ್ವೆ ದವಾಖಾನ್ಯಾಗ ನನ್ನ ಗಂಡಗ ಹಿಂಗ ಮಾಡಸಿದ್ರು. ಖರ್ರಾ ತಿನ್ನೂ ಬಾಯಿ ಇಷ್ಟು ತಗಿಯೂದಿಲ್ಲ ಅಂತ ಅಂದ್ರು. ಈಗ ಸಾಹೇಬ್ರು ಮಾಡಲಿ.'

'ಇದೆಲ್ಲಾ ಹುಚ್ಚಾಟ,' ಅಂದ ಉಮಾಪತಿ.

'ಮಾಡಿಬಿಡಿ ಉಮಾಪತಿ, ಅಲ್ಲಿಗೆ ಮುಗೀತು,' ಅಂದ್ರು ವೇಣುಗೋಪಾಲರು, ಸಣ್ಣಗ ನಕ್ಕೊಂತ.

ಉಮಾಪತಿನೂ ನಕ್ಕ. ಮೂರು ಬಟ್ಟು ಜೋಡಿಸಿ ಬಾಯಿಗೆ ಒಯ್ದ. ಹೋಗಲಿಲ್ಲ. ಒಂದನ್ನ ಬಿಟ್ಟು ಎರಡು ಇಟ್ಟ. ಹಲ್ಲಿಗೆ ತಾಗಿ ನಿಂತ್ವು. ನಗೂ ಹಂಗ ಮಾರಿ ಮ್ಯಾಲ ಉಳದಿತ್ತು, ಹಣಿ ಮ್ಯಾಲ ಬೆವರು ಬಂತು. ಕಡೀಕ ಒಂದು ಬಟ್ಟು ಒಳಗ ಹೋತು. ಬಾಯಿ ಅಲ್ಲಿಗೆ ನಿಂತಿತು.

ವೇಣುಗೋಪಾಲರ ನಗೂ ಹೋತು. ಎದ್ದು ಬಂದು, ಮೇಜಿನ ಖಾನ್ಯಾಗಿಂದ ಬ್ಯಾಟರಿ ತಗದು, ಉಮಾಪತಿಯ ಗದ್ದ ಹಿಡದು ಬೆಳಕಿಗೆ ತಿರುಗಿಸಿದ್ರು. ಅಂವ ತಡೀಲಿಲ್ಲ. ಎಡದವಡಿಯ ಒಳಗ ಅವರು ಎಷ್ಟು ಹೊತ್ತು ನೋಡಿದ್ರು ಅಂದ್ರ, ಲಕ್ಷ್ಮವ್ವಗ ಅಲ್ಲಿಂದ ಓಡಿ ಹೋಗಬೇಕು ಅನಿಸ್ತು.

'ಯಾವಾಗಿನಿಂದ?'

'ಬಾಯಿ ಹಿಡಿಯಾಕ ಹತ್ತಿ ಎರಡು ವರ್ಷ,' ಅಂದ ಉಮಾಪತಿ. 'ಹುಣ್ಣು, ಮಳೆಗಾಲದಿಂದ.' ಧಾರವಾಡದ ಕನ್ನಡ. ಅವನ ಬಾಯಾಗ ಅದನ್ನ ಲಕ್ಷ್ಮವ್ವ ಮೊದಲನೇ ಸರತಿ ಕೇಳಿದ್ಲು.

'ನಾಳೆ ಬೊಂಬಾಯಿಗೆ ಹೋಗ್ತೀರಿ. ನಾನು ಫೋನ್ ಮಾಡ್ತೀನಿ.' ವೇಣುಗೋಪಾಲರು ಬ್ಯಾಟರಿ ಆರಿಸಿದ್ರು. ಆಮ್ಯಾಲ ಯಾರೋ ನಿಂತಾರ ಅಂತ ನೆನಪಾದಂಗ ಈ ಕಡಿ ತಿರುಗಿದ್ರು. 'ನೀವು ಹೋಗಿ ಅಮ್ಮ. ನಿಮ್ಮ ಕಾಗದಕ್ಕೆ ಇವತ್ತೇ ಸಹಿ ಮಾಡ್ತೀನಿ.'

ಲಕ್ಷ್ಮವ್ವ ತೊಳಿಯೂ ಕಟ್ಟಿಗೆ ಬಂದು ಕುಂತ್ಲು. ಗೆದ್ದಿದ್ಲು. ಕೆಲಸ ಉಳೀತು, ಹೆಸರು ಉಳೀತು. ಆದ್ರ ಸಂತೋಷ ಹತ್ತರ ಸುಳೀಲಿಲ್ಲ. ಎರಡು ವರ್ಷದಿಂದ ಆ ಬಾಯಿ ಮುಚ್ಚಿಕೊಂತ ಬಂದಿತ್ತು. ಎರಡು ವರ್ಷದಿಂದ ಆಕಿ ಅದನ್ನ ವಿಲಾಯತಿ ಡೌಲು ಅಂತ ಅಣಗಿಸಿ ಜವಾನರನ್ನ ನಗಿಸಿದ್ಲು. ಉಗುರಿನಷ್ಟು ಚಪಾತಿ, ಬ್ಯಾಡಾದ ರಂಜಕಾ, ಎಲ್ಲಾ ಕಣ್ಣ ಮುಂದ ನಡದಿತ್ತು. ರುದ್ರಪ್ಪ ಕಡೀ ಕಡೀಕ ಮಾತು ಕಡಿಮಿ ಮಾಡಿದಾಗಲೂ ಆಕಿ ಬೈದಿದ್ಲು, ಬಾಯಿ ಬಿಟ್ಟು ಮಾತಾಡಾಕ ಏನು ಧಾಡಿ ನಿನಗ ಅಂತ. ಗಾಜಿನ ಮ್ಯಾಲಿನ ಜಿಡ್ಡು ಕಾಣೂ ಕಣ್ಣಿಗೆ ಇದು ಎರಡು ಸರತಿ ಕಾಣಲಿಲ್ಲ. ಆಕಿಗೆ ತನ್ನ ಮ್ಯಾಲ ಹೇಸಿಗಿ ಬಂತು.

ಸಂಜಿ ಐದಕ್ಕ, ಮಂದಿ ಮನಿಗೆ ಹೊಂಟಾಗ, ಉಮಾಪತಿ ಅಲ್ಲಿಗೆ ಬಂದ. ಇಷ್ಟು ದಿನದಾಗ ಅಂವ ಆ ಜಾಗಾಕ್ಕ ಕಾಲಿಟ್ಟದ್ದು ಅದ ಮೊದಲು. ಕಿಸೆದಾಗಿಂದ ಎರಡು ಖರ್ರಾ ಪುಡಿಕಿ ತಗದು ತೊಳದಿಟ್ಟ ಬಾಟ್ಲಿಗಳ ಹತ್ತರ ಇಟ್ಟ.

'ಅದನ್ನ ಇಲ್ಲಿಡಬ್ಯಾಡ್ರಿ,' ಅಂದ್ಲು ಲಕ್ಷ್ಮವ್ವ. 'ಇದು ಚೊಕ್ಕ ಜಾಗಾ.'

ಅಂವ ಎತ್ತಿಕೊಂಡು ಕಸದ ಬುಟ್ಟಿಗೆ ಹಾಕಿದ. ಹೊಸದಾಗಿ ರಕ್ತ ಕೊಟ್ಟೀನಿ, ಈ ಸಲದ ಕಣ ವನಜಾಕ್ಷಿನ ನೋಡಕೋತಾಳ, ಬಾಟ್ಲಿ ಮಾತ್ರ ನೀವ ತೊಳೀರಿ ಅಂದ. ಆಕಿ ಹೂಂ ಅಂದ್ಲು. ಆದ್ರೂ ಅಂವ ಹೋಗಲಿಲ್ಲ. ಸೋರೂ ನಳಾ ನೋಡಿಕೊಂತ ನಿಂತ.

'ಲಕ್ಷ್ಮವ್ವಾ,' ಅಂದ. 'ನಿಮ್ಮ ಮನಿಯವರು, ಗೊತ್ತಾದ ಮ್ಯಾಲ ಎಷ್ಟು ದಿನ ಇದ್ರು?'

ಸುಳ್ಳು ನಾಲಿಗಿ ತುದಿ ಮಟಾ ಬಂತು. ಹತ್ತು ವರ್ಷ ಅಂದ್ರ ಏನು ಗಂಟು ಹೋಗತಿತ್ತು. ಆದ್ರ ಇಂವಗ ಸುಳ್ಳು ಹೇಳಾವ್ರು ಇಷ್ಟು ದಿನ ಇಂವನ ಒಬ್ಬ, ಅಷ್ಟು ಸಾಕಾಗಿತ್ತು.

'ಏಳು ತಿಂಗಳು,' ಅಂದ್ಲು. ಅವನ ಮಾರಿ ನೋಡಲಾರದ ಕೈಯಾಗಿನ ಬಾಟ್ಲಿಯನ್ನ ತಿಕ್ಕಿದ್ಲು, ತಿಕ್ಕಿದ್ದನ್ನ ಮತ್ತ ತಿಕ್ಕಿದ್ಲು. 'ಆದ್ರ ದವಾಖಾನಿಗೆ ಹೋದಾಗ ಅಂವಗ ಒಂದ ಬಟ್ಟೂ ಹೋಗಲಿಲ್ರಿ. ನಿಮಗ ಒಂದು ಹೋಗೇತಿ.'

ಉಮಾಪತಿ ಅಲ್ಲೇ, ಆಕಿ ಎದುರಿಗೆ ನಿಂತು, ಮತ್ತೊಮ್ಮೆ ಬಟ್ಟು ಬಾಯಾಗ ಇಟ್ಟು ನೋಡಿದ.